ಕಡಲಿಲ್ಲದ ಊರಿನ ಉಪ್ಪು

ಜನವರಿ ತಿಂಗಳ ಒಂದು ಮುಂಜಾನೆ, ಇಲಿನಾಯ್ ಸಂಸ್ಥಾನದ ಡೆಸ್ ಪ್ಲೇನ್ಸ್ ಎಂಬ ಊರಿನಲ್ಲಿ, ಮೈನರ್ ಬೀದಿಯ ಆರಂತಸ್ತಿನ ನಗರಸಭಾ ಭವನದ ಬಾಗಿಲ ಬಳಿ ನಿಂತು ಕಾಲೊರಸಿಗೆ ಬೂಟು ಉಜ್ಜುತ್ತಿದ್ದಾಗ, ಆ ಕರಿಯ ತೊಗಲಿನ ಮೇಲೆ ಪಾದದ ಸುತ್ತಲೂ ಹರಿದಿದ್ದ ಒಂದು ಬಿಳಿಯ ಗೆರೆ ನನ್ನ ಕಣ್ಣಿಗೆ ಬಿತ್ತು. ಆ ಗೆರೆ ನನಗೆ ಅಪರಿಚಿತವಾದುದಲ್ಲ. ಕುಂದಾಪುರದ ಕಡೆಯ ನಮ್ಮ ಬಾಲ್ಯದಲ್ಲಿ, ಮರವಂತೆಯ ಕಡಲಿಗಿಳಿದು, ಒದ್ದೆಯಾದ ಪಂಚೆಯನ್ನು ಮರಳ ಮೇಲೆ ಹರವಿ ಒಣಗಿಸಿ, ಏನೂ ಆಗದವರಂತೆ ಮನೆ ಸೇರಿದಾಗ ಅಂಚಿನಲ್ಲಿ ಉಳಿದುಕೊಂಡು ಹಿರಿಯರ ಬೈಗುಳಕ್ಕೆ ಸಾಕ್ಷ್ಯವನ್ನು ಒದಗಿಸುತ್ತಿದ್ದುದು ಇದೇ ಗೆರೆ. ಆದರೆ ಅಲ್ಲಿ ಹತ್ತು ಮಾರಿನಾಚೆ ಅರಬ್ಬೀ ಸಮುದ್ರವಿತ್ತು. ಇಲ್ಲಿಯಾದರೋ ಅತ್ಯಂತ ಸಮೀಪದ ಕಡಲೂ ಸಾವಿರ ಕಿಲೋಮೀಟರಿಗೆ ಮೀರಿದ ದೂರದಲ್ಲಿದೆ. ಈ ಉಪ್ಪು ಬಂದುದು ಹಿಂದಿನ ರಾತ್ರಿ ಹಿಮ ಬೀಳತೊಡಗಿದೊಡನೆ ಲಾರಿಯೊಂದು ಬೀದಿಯುದ್ದಕ್ಕೂ ಚೆಲ್ಲಿ ಹೋದ ಹರಳುಗಳಿಂದ.

ಆ ವಾರವೇ ನನಗೆ ಊರಿನಿಂದ ಒಂದು ನಕ್ಷೆ ಬಂದಿತ್ತು. ನಮ್ಮ ಕರಾವಳಿಯ ಒಂದು ಸಣ್ಣ ಪಟ್ಟಣದಲ್ಲಿ ಪುರಸಭೆಗೆ ಹೊಸ ಕಟ್ಟಡವಾಗಬೇಕೆಂಬ ಮಾತು ನಡೆದಿದ್ದು, ಭಾವನವರು ಅದರ ಪ್ರತಿಯನ್ನು ಕಳುಹಿಸಿ, ಕಟ್ಟಡಗಳ ವಿಷಯದಲ್ಲಿ ನಾಲ್ಕಕ್ಷರ ಓದಿದವನೆಂಬ ಒಂದೇ ಕಾರಣಕ್ಕೆ ನನ್ನ ಅಭಿಪ್ರಾಯವನ್ನು ಕೇಳಿದ್ದರು. ಪಟ್ಟಣದ ಹೆಸರನ್ನು ಹೇಳುವುದು ಬೇಡ. ಹೇಳಿದರೆ ನಾಲ್ಕು ಜನಕ್ಕೆ ಬೇಸರ, ಹೇಳದಿದ್ದರೆ ಓದುಗರಿಗೆ ನಷ್ಟವಿಲ್ಲ. ಮುಂಭಾಗದಲ್ಲಿ ಎರಡಂತಸ್ತಿನ ಗಾಜಿನ ಗೋಡೆ, ಅದರ ಮೇಲೊಂದು ಗುಮ್ಮಟ, ಪಕ್ಕದಲ್ಲಿ ನಾಲ್ಕು ದಪ್ಪ ಕಂಬಗಳು, ಸಮತಟ್ಟಾದ ತಾರಸಿ. ಕೆಳಗೆ, ವಾಹನ ನಿಲ್ಲಿಸುವ ನೆಲಮಾಳಿಗೆಯ ಒಂದು ಮೂಲೆಯಲ್ಲಿ, ವಿದ್ಯುತ್ತಿನ ಫಲಕಕ್ಕೂ ಹಳೆಯ ಕಡತಗಳಿಗೂ ಒಂದೊಂದು ಕೋಣೆ. ಬಣ್ಣಬಣ್ಣದ ಚಿತ್ರದಲ್ಲಿ ಮರಗಳಿದ್ದವು, ಛತ್ರಿ ಹಿಡಿಯದ ಜನರಿದ್ದರು, ಮೋಡವಿಲ್ಲದ ಆಕಾಶವಿತ್ತು. ನೆಲದ ಮಟ್ಟ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೆಂಬ ಒಂದು ಅಂಕಿಯನ್ನು ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ.

ನೀರಂಚಿನ ಊರಿನ ಕಟ್ಟಡಕ್ಕೆ ಈ ಅಂಕಿಯೇ ಜಾತಕ. ಡೆಸ್ ಪ್ಲೇನ್ಸ್ ಅದನ್ನು ಕಷ್ಟಪಟ್ಟು ಕಲಿತ ಊರು. ವಿಸ್ಕಾನ್ಸಿನ್ನಿನ ದಕ್ಷಿಣ ಭಾಗದಲ್ಲಿ ಹುಟ್ಟಿ, ಶಿಕಾಗೋವಿನ ಪಶ್ಚಿಮದ ಬಯಲನ್ನು ಹಾದು, ಕಾಂಕಕೀ ನದಿಯೊಡನೆ ಸೇರಿ ಇಲಿನಾಯ್ ನದಿಯೆಂಬ ಹೆಸರನ್ನು ಪಡೆಯುವ ಡೆಸ್ ಪ್ಲೇನ್ಸ್ ನದಿ, ಈ ನಗರಸಭಾ ಭವನದಿಂದ ಹತ್ತು ಹದಿನೈದು ನಿಮಿಷದ ನಡಿಗೆಯಷ್ಟು ದೂರದಲ್ಲಿ, ಬೇಸಿಗೆಯಲ್ಲಿ ನೋಡಿದರೆ ಹೊಳೆಯೆನ್ನಲೂ ಸಂಕೋಚವಾಗುವಷ್ಟು ಸಣ್ಣದಾಗಿ ಹರಿಯುತ್ತದೆ. ಸೌಪರ್ಣಿಕೆಯನ್ನೂ ವಾರಾಹಿಯನ್ನೂ ಕಂಡ ಕಣ್ಣಿಗೆ ಇದು ತೋಡು. ಆದರೆ 1986ರ ಶರತ್ಕಾಲದಲ್ಲಿ, ಐದು ಅಡಿ ಮುಟ್ಟಿದರೆ ನೆರೆಯೆಂದು ಎಣಿಸುತ್ತಿದ್ದ ಅಂದಿನ ಅಳತೆಗೋಲಿನಲ್ಲಿ, ಈ ತೋಡು ಸುಮಾರು 10.9 ಅಡಿಗೆ ಏರಿತು; ಇಪ್ಪತ್ತೇಳು ವರ್ಷಗಳ ತರುವಾಯ, 2013ರ ಏಪ್ರಿಲಿನಲ್ಲಿ, ಮತ್ತೆ ಅಲ್ಲಿಗೇ ಬಂದು ಮುಟ್ಟಿತು. ಇಳಿಜಾರಿಲ್ಲದ ಬಯಲಿನ ನದಿಗೆ ತಗ್ಗಿಗೆ ಓಡಿಹೋಗುವ ಅವಸರವಿಲ್ಲ. ನೀರು ಹೆಚ್ಚಿದಾಗ ಅದು ಉದ್ದಕ್ಕೆ ಹರಿಯುವುದಕ್ಕಿಂತ ಹೆಚ್ಚಾಗಿ ಅಗಲಕ್ಕೆ ಹರಡುತ್ತದೆ, ಹರಡಿದ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ನದಿಯ ಬಾಗಿನಲ್ಲಿದ್ದ ಎಷ್ಟೋ ಮನೆಗಳನ್ನು ಕಡೆಗೆ ಸರ್ಕಾರವೇ ಕೊಂಡು, ಕೆಡವಿ, ನೆಲವನ್ನು ನೀರಿಗೆ ಬಿಟ್ಟುಕೊಟ್ಟಿತು.

ಇಲ್ಲಿ ಒಂದು ವಿಚಿತ್ರವನ್ನು ಹೇಳಿಯೇ ಮುಂದುವರಿಯಬೇಕು. ಈ ಊರಿನಿಂದ ಪೂರ್ವಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಸಮುದ್ರವೆಂದೇ ಭ್ರಮೆ ಹುಟ್ಟಿಸುವ ಮಿಶಿಗನ್ ಸರೋವರ. ಅದರ ದಾಖಲಾದ ಅತ್ಯುನ್ನತ ಮಾಸಿಕ ಮಟ್ಟ 1986ರ ಅಕ್ಟೋಬರಿನದು, 177.50 ಮೀಟರು, ಅತ್ಯಂತ ಕೆಳಗಿನ ಮಟ್ಟ 2013ರ ಜನವರಿಯದು, 175.57 ಮೀಟರು. ಹಾಗಾದರೆ ಸರೋವರ ತನ್ನ ಚರಿತ್ರೆಯಲ್ಲೇ ಅತ್ಯಂತ ಬತ್ತಿದ್ದ ವರ್ಷದ ವಸಂತದಲ್ಲಿಯೇ ಪಕ್ಕದ ನದಿ ತನ್ನ ಚರಿತ್ರೆಯಲ್ಲೇ ಅತ್ಯಂತ ಉಕ್ಕಿ ಹರಿಯಿತೆಂದಾಯಿತು. ಇದಕ್ಕೆ ಕಾರಣ ಇವೆರಡರ ನಡುವೆ ನಡೆದುಹೋದರೂ ಕಾಲಿಗೆ ತಿಳಿಯದಷ್ಟು ಸಣ್ಣದೊಂದು ದಿಬ್ಬ. ಅದು ಎರಡು ಜಲಾನಯನಗಳ ಗಡಿ. ದಿಬ್ಬದ ಪೂರ್ವಕ್ಕೆ ಬಿದ್ದ ಹನಿ ಸ್ವಭಾವತಃ ಸರೋವರದ್ದು, ಪಶ್ಚಿಮಕ್ಕೆ ಬಿದ್ದ ಹನಿ ಮಿಸಿಸಿಪ್ಪಿಯ ಮೂಲಕ ಮೆಕ್ಸಿಕೋ ಕೊಲ್ಲಿಯದು. ಸರೋವರದ ಮಟ್ಟ ವರ್ಷಾನುವರ್ಷದ ಮಳೆ ಮತ್ತು ಆವಿಯ ಲೆಕ್ಕಾಚಾರ. ನದಿಯ ಮಟ್ಟ ಒಂದೆರಡು ದಿನಗಳ ಮಳೆಯ ಹಟ. ಆದಕಾರಣ ‘ನೀರು ಎಲ್ಲಿಯವರೆಗೆ ಬರುತ್ತದೆ’ ಎಂಬ ಪ್ರಶ್ನೆಗೆ ಹತ್ತಿರದ ದೊಡ್ಡ ನೀರನ್ನು ನೋಡಿ ಉತ್ತರ ಹೇಳುವುದು ತಪ್ಪು. ನಮ್ಮ ಕಡೆಯಲ್ಲಿಯೂ ಹಾಗೆಯೇ: 2020ರ ಸೆಪ್ಟೆಂಬರ್ 20ರಂದು ಉಡುಪಿಯ ತಗ್ಗಿನ ಬೀದಿಗಳಲ್ಲಿ ದೋಣಿ ಓಡುವಂತಾದಾಗ ನುಗ್ಗಿದುದು ಕಡಲಲ್ಲ, ಹಿಂದಣ ಗುಡ್ಡಗಳ ಮೇಲೆ ಒಂದೇ ರಾತ್ರಿಯಲ್ಲಿ ಸುರಿದು, ಇಂದ್ರಾಣಿಯಂಥ ಸಣ್ಣ ತೊರೆಗಳಲ್ಲಿ ಹಿಡಿಸದೆ ಬಂದ ಮಳೆ.

ಇಂಜಿನಿಯರರು ‘ನೂರು ವರ್ಷದ ನೆರೆ’ ಎಂದೊಂದು ಮಾತನ್ನು ಬಳಸುತ್ತಾರೆ. ಕೇಳಿದವರಿಗೆ ಅದು ನೂರು ವರ್ಷಕ್ಕೊಮ್ಮೆ ತಪ್ಪದೆ ಬಂದು, ಉಳಿದ ತೊಂಬತ್ತೊಂಬತ್ತು ವರ್ಷ ಮರ್ಯಾದೆಯಿಂದಿರುವ ನೆರೆಯೆಂದು ತೋರುತ್ತದೆ. ಅರ್ಥ ಹಾಗಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ನೀರು ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಈ ವರ್ಷ ಬಂದುದು ಮುಂದಿನ ವರ್ಷಕ್ಕೆ ತಡೆಯಲ್ಲ. ನಗರಸಭೆಯ ಕಟ್ಟಡವೊಂದು ಎಪ್ಪತ್ತು ವರ್ಷ ನಿಲ್ಲಬೇಕೆಂದಿಟ್ಟುಕೊಳ್ಳಿ. ಪ್ರತಿವರ್ಷವೂ ಪಾರಾಗುವ ಸಂಭವವಾದ 0.99ನ್ನು ಎಪ್ಪತ್ತು ಸಲ ಗುಣಿಸಿದರೆ ಉಳಿಯುವುದು ಅರ್ಧಕ್ಕಿಂತ ತುಸು ಕಡಮೆ. ಎಂದರೆ ಆ ಕಟ್ಟಡ ತನ್ನ ಆಯುಷ್ಯದಲ್ಲಿ ಒಮ್ಮೆಯಾದರೂ ಮುಳುಗುವುದೋ ಇಲ್ಲವೋ ಎಂಬುದು ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ. ಆಸ್ಪತ್ರೆ, ಅಗ್ನಿಶಾಮಕ ಠಾಣೆ, ನೆರೆಯ ದಿನ ಆಡಳಿತ ನಡೆಯಬೇಕಾದ ಭವನ ಇಂಥವಕ್ಕೆ ಈ ಜೂಜು ಸಲ್ಲದೆಂದು, ಅಮೆರಿಕದ ಒಕ್ಕೂಟ ಸರ್ಕಾರದ ನಿಯಮಗಳು ಐನೂರರಲ್ಲಿ ಒಂದರಷ್ಟು ವಿರಳವಾದ ನೆರೆಯನ್ನು ಅಳತೆಗಿಟ್ಟುಕೊಳ್ಳುತ್ತವೆ. ಆಗ ಎಪ್ಪತ್ತು ವರ್ಷದ ಅಪಾಯ ನೂರಕ್ಕೆ ಹದಿಮೂರಕ್ಕೆ ಇಳಿಯುತ್ತದೆ. ನೆಲವನ್ನು ಇನ್ನೊಂದಷ್ಟು ಎತ್ತರಿಸುವ ಖರ್ಚಿಗೆ ದೊರೆಯುವ ಪ್ರತಿಫಲ ಇದು.

ಆ ಎತ್ತರ ಸಾಲದಿದ್ದರೆ ಏನಾದೀತೆಂಬುದಕ್ಕೆ ಒಂದು ನಿದರ್ಶನ ಜಪಾನಿನದು. ಅಲ್ಲಿಯ ಮಿನಾಮಿಸಾನ್‌ರಿಕು ಎಂಬ ಸಣ್ಣ ಕರಾವಳಿ ಪಟ್ಟಣದ ಆಡಳಿತಕ್ಕೆ ಸೇರಿದ ಮೂರಂತಸ್ತಿನ ವಿಪತ್ತು ನಿರ್ವಹಣಾ ಭವನ, ಉಕ್ಕಿನ ಚೌಕಟ್ಟಿನದು, ಸುಮಾರು 12 ಮೀಟರು ಎತ್ತರದ್ದು. 2011ರ ಮಾರ್ಚ್ 11ರಂದು, ಅಲ್ಲಿಂದಲೇ ಧ್ವನಿವರ್ಧಕದಲ್ಲಿ ಎತ್ತರದ ಕಡೆಗೆ ಓಡಿರೆಂದು ಊರಿಗೆಲ್ಲ ಸಾರುತ್ತಿದ್ದಾಗ, ಅದಕ್ಕಿಂತ ಮೂರು ಮೀಟರಿಗೂ ಎತ್ತರವಾದ ಸುನಾಮಿ ಅದರ ಮೇಲೆಯೇ ಹಾದುಹೋಗಿ 43 ಮಂದಿಯನ್ನು ಒಯ್ದಿತು. ಗೋಡೆ, ಛಾವಣಿ ಎಲ್ಲವೂ ಕಿತ್ತುಹೋಗಿ ಕೆಂಪು ಉಕ್ಕಿನ ಕಂಬಗಳು ಮಾತ್ರ ನಿಂತವು. ಕಟ್ಟಡದ ಬಲದಲ್ಲಿ ಕೊರತೆಯಿರಲಿಲ್ಲವೆಂಬುದಕ್ಕೆ ಆ ಕಂಬಗಳೇ ಪುರಾವೆ. ಕೊರತೆಯಿದ್ದುದು ನಿಂತ ನೆಲದ ಮಟ್ಟದಲ್ಲಿ. 2017ರಲ್ಲಿ ಆ ಪಟ್ಟಣ ತನ್ನ ಹೊಸ ಕಚೇರಿಯನ್ನು ಗುಡ್ಡದ ಮೇಲೆ ತೆರೆಯಿತು.

ಶಿಕಾಗೋ ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ, ಹಾಸ್ಯವೆನ್ನಿಸುವಷ್ಟು ಧೈರ್ಯದಿಂದ ಬಿಡಿಸಿತು. ಸರೋವರದ ಮಟ್ಟದಿಂದ ಕೆಲವೇ ಅಡಿ ಮೇಲಿದ್ದ ಜೌಗು ನೆಲದಲ್ಲಿ ಚರಂಡಿಗೆ ಇಳಿಜಾರು ಸಿಗದೆ, ಕಾಲರಾದಿಂದ ಬಳಲಿದ ಆ ನಗರ, ಎಲ್ಲಿಸ್ ಚೆಸ್‌ಬ್ರೋ ಎಂಬ ಇಂಜಿನಿಯರನ ಸಲಹೆಯಂತೆ ಕೊಳವೆಗಳನ್ನು ನೆಲದ ಮೇಲೆಯೇ ಹಾಕಿ, ಅವುಗಳ ಮೇಲೆ ಮಣ್ಣು ತುಂಬಿ ಬೀದಿಗಳನ್ನೇ ಹಲವು ಅಡಿ ಏರಿಸಿತು. ಬೀದಿಯೇರಿದ ಮೇಲೆ ಹೊಂಡದಲ್ಲುಳಿದ ಇಟ್ಟಿಗೆಯ ಕಟ್ಟಡಗಳನ್ನು ನೂರಾರು ಆಳುಗಳು ಸಾವಿರಾರು ಜ್ಯಾಕುಗಳನ್ನು ಏಕಕಾಲಕ್ಕೆ ಇಷ್ಟಿಷ್ಟೇ ತಿರುಗಿಸುತ್ತ ಮೇಲಕ್ಕೆತ್ತಿದರು. 1861ರಲ್ಲಿ ಟ್ರೆಮಾಂಟ್ ಹೌಸ್ ಎಂಬ ಹೋಟೆಲನ್ನು ಹೀಗೆ ಎತ್ತುವಾಗ ಒಳಗೆ ಅತಿಥಿಗಳು ತಂಗಿಯೇ ಇದ್ದರು. ನಮ್ಮ ಪಟ್ಟಣದವರಿಗೆ ಇಂಥ ಸಾಹಸ ಬೇಕಿಲ್ಲ. ಕಟ್ಟುವ ಮೊದಲೇ ನಾಲ್ಕು ಮೆಟ್ಟಿಲು ಹೆಚ್ಚಿಗೆ ಹಾಕಿಕೊಂಡರಾಯಿತು. ಮೆಟ್ಟಿಲು ಹೆಚ್ಚಿದರೆ ಕೋಲೂರಿ ಬರುವ ಪಿಂಚಣಿದಾರರಿಗೆ ಕಷ್ಟವೆಂಬ ಮಾತು ನಿಜ. ಅದಕ್ಕೆ, ಒಂದಡಿ ಏರಲು ಹನ್ನೆರಡಡಿ ಉದ್ದದ ಸಾವಕಾಶದ ಇಳಿಜಾರಿನ ದಾರಿ ಬೇಕು, ಅಷ್ಟು ಜಾಗವನ್ನು ನಿವೇಶನದಲ್ಲಿ ಮೊದಲೇ ಬಿಡಬೇಕು.

ಇನ್ನು ನೆಲಮಾಳಿಗೆ. ಡೆಸ್ ಪ್ಲೇನ್ಸಿನ ಮನೆಮನೆಗೂ ಬೇಸ್‌ಮೆಂಟು ಇದೆ, ಅದರ ಮೂಲೆಯಲ್ಲೊಂದು ಗುಂಡಿ ಇದೆ, ಗುಂಡಿಯಲ್ಲೊಂದು ಸಂಪ್ ಪಂಪು ಇದೆ. ಮಳೆಗಾಲದ ರಾತ್ರಿ ಅದು ಗುರ್ರೆಂದು ಎದ್ದು ನೀರೆತ್ತಿ ಮತ್ತೆ ಸುಮ್ಮನಾಗುವ ಸದ್ದು ಇಲ್ಲಿಯವರಿಗೆ ಗಡಿಯಾರದ ಸದ್ದಿನಂತೆ. ಬಿರುಗಾಳಿಯಲ್ಲಿ ವಿದ್ಯುತ್ತು ಹೋದರೆ, ಪಂಪು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಅದು ಸುಮ್ಮನಾಗುತ್ತದೆ. ಆಗ ನೀರು ಒಳಗೆ ಬರುವುದು ಹೊರಗಿನ ಒತ್ತಡದಿಂದ. ನೆನೆದ ಮಣ್ಣಿನಲ್ಲಿ ಮೂರು ಮೀಟರು ಆಳದ ಖಾಲಿ ನೆಲಮಾಳಿಗೆಯೆಂದರೆ ನೀರಿಗಿಳಿಸಿದ ದೋಣಿಯೇ ಸರಿ: ಅದರ ತಳದ ಪ್ರತಿ ಚದರ ಮೀಟರನ್ನೂ ಮೂರು ಟನ್ನಿನಷ್ಟು ಬಲ ಮೇಲಕ್ಕೆ ನೂಕುತ್ತಿರುತ್ತದೆ, ಗೋಡೆಯ ಪ್ರತಿ ಮೀಟರು ಉದ್ದದ ಮೇಲೂ ನಾಲ್ಕೂವರೆ ಟನ್ನು ಒಳಮುಖವಾಗಿ ಒರಗುತ್ತದೆ. ಮೇಲೆ ಆರಂತಸ್ತಿದ್ದರೆ ಆ ಭಾರವೇ ಕಟ್ಟಡವನ್ನು ಕೆಳಗೆ ಹಿಡಿಯುತ್ತದೆ. ಹಗುರವಾದ ಒಂದಂತಸ್ತಿನದಾದರೆ ನೆಲವೇ ಉಬ್ಬಿ ಬಿರಿಯಬಹುದು. ಆದುದರಿಂದಲೇ ನೆರೆಯ ಸಮಯದಲ್ಲಿ ನೆಲಮಾಳಿಗೆಯ ನೀರನ್ನು ಆತುರದಿಂದ ಖಾಲಿ ಮಾಡಬಾರದೆಂದು ಇಲ್ಲಿಯ ಬಲ್ಲವರು ಎಚ್ಚರಿಸುವುದು. ಒಳಗಿನ ನೀರು ಕೆಡುಕೇ ಆದರೂ, ಹೊರಗಿನ ನೀರಿಗೆ ಎದುರಾಗಿ ಗೋಡೆಯನ್ನು ಹಿಡಿದು ನಿಲ್ಲಿಸಿರುವುದು ಅದೇ. ರೇ ಕ್ರಾಕ್ 1955ರಲ್ಲಿ ಈ ಊರಿನ ಲೀ ಬೀದಿಯಲ್ಲಿ ತೆರೆದ ಮೆಕ್‌ಡೊನಾಲ್ಡ್ಸ್ ಅಂಗಡಿಯ ಪ್ರತಿಕೃತಿಯೊಂದು, ಮೂಲ ಕಟ್ಟಡ ಹೋದ ಬಳಿಕ, ವಸ್ತುಸಂಗ್ರಹಾಲಯವಾಗಿ ಅದೇ ಜಾಗದಲ್ಲಿ ಬಹುಕಾಲ ನಿಂತಿತ್ತು. ಮತ್ತೆಮತ್ತೆ ನುಗ್ಗಿದ ನೆರೆಯಿಂದ ಬೇಸತ್ತು ಅದನ್ನು ಕೆಡವುವುದಾಗಿ 2017ರಲ್ಲಿ ಪ್ರಕಟಿಸಲಾಯಿತು, ಈಗ ಅದಿಲ್ಲ. ಹುರಿದ ಆಲೂಗಡ್ಡೆಯ ಸ್ಮಾರಕ ಹೋದರೆ ಹೋಗಲಿ; ಜನನಮರಣಗಳ ರಿಜಿಸ್ಟರು, ಮನೆಕಂದಾಯದ ಕಡತಗಳು ಹೋದರೆ ಮತ್ತೆ ಬರೆಯುವವರಾರು?

ಇಷ್ಟೂ ನೀರಿನ ಮಾತು. ಬೂಟಿನ ಗೆರೆಯನ್ನು ನಾನು ಮರೆತಿಲ್ಲ.

ಡೆಟ್ರಾಯ್ಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಕಳೆದ ಶತಮಾನದ ಆರಂಭದಿಂದ ಅಗೆಯುತ್ತ ಬಂದ ಒಂದು ಉಪ್ಪಿನ ಗಣಿಯಿದೆ. ನಲವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಪ್ರಾಂತವನ್ನೆಲ್ಲ ಆವರಿಸಿದ್ದ ಆಳವಿಲ್ಲದ ಬೆಚ್ಚನೆಯ ಸಮುದ್ರವೊಂದು ಬತ್ತುತ್ತ, ತುಂಬುತ್ತ, ಮತ್ತೆ ಬತ್ತುತ್ತ ಬಿಟ್ಟುಹೋದ ಶೇಷ ಅದು. ಹಿಮ ಬೀಳುವ ರಾತ್ರಿ ರಸ್ತೆಗಳಿಗೆ ಎರಚುವುದು ಇಂಥ ಗಣಿಗಳ ಕಲ್ಲುಪ್ಪನ್ನೇ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗಲೊಲ್ಲದು. ಸರಿಯಾದ ಪ್ರಮಾಣದಲ್ಲಿ ಬೆರೆತರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯಬಲ್ಲುದು. ಹೀಗೆ ಎಂದೋ ಸತ್ತ ಕಡಲು ಪ್ರತಿ ಚಳಿಗಾಲವೂ ಎದ್ದು ಬಂದು, ಕಾರಿನ ಚಕ್ರಗಳಿಗೂ ಜನರ ಬೂಟುಗಳಿಗೂ ಅಂಟಿಕೊಂಡು, ಕಟ್ಟಡಗಳೊಳಗೆ ನಡೆದು ಬರುತ್ತದೆ. ಇಲ್ಲಿಯ ಬಹುಮಹಡಿ ಕಾರುನಿಲ್ದಾಣಗಳ ಸ್ಲ್ಯಾಬಿನಡಿಯಲ್ಲಿ ತಲೆಯೆತ್ತಿ ನೋಡಿದರೆ, ಉದುರಿದ ಕಾಂಕ್ರೀಟೂ ಇಣಿಕುವ ಕೆಂಪು ಸರಳೂ ನಮ್ಮ ಕರಾವಳಿಯ ಯಾವುದೇ ಹಳೆಯ ಸರ್ಕಾರಿ ಕಟ್ಟಡದ ಸಜ್ಜಾದಂತೆಯೇ ಕಾಣುತ್ತವೆ. ಕಟ್ಟಡದ ಮಟ್ಟಿಗೆ ಡೆಸ್ ಪ್ಲೇನ್ಸು ಕರಾವಳಿಯ ಊರೇ.

ಈ ವ್ಯಾಧಿಯ ಬಗೆಯನ್ನು ತುಸು ವಿವರಿಸಬೇಕು. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಸುಣ್ಣದಂಥ ಪ್ರಬಲ ಕ್ಷಾರವನ್ನು ತನ್ನ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಅಂಥ ಕ್ಷಾರದಲ್ಲಿ ಮುಳುಗಿದ ಕಬ್ಬಿಣದ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಂಡು, ಅದು ಸರಳಿನ ಪಾಲಿಗೆ ಕವಚವಾಗುತ್ತದೆ. ಈ ಪೊರೆ ಇರುವವರೆಗೂ ತೇವವಿದ್ದರೂ ಗಾಳಿಯಿದ್ದರೂ ತುಕ್ಕು ಹಿಡಿಯದು. ಉಪ್ಪಿನಲ್ಲಿರುವ ಕ್ಲೋರೈಡ್ ಕಣಗಳಿಗೆ ಆ ಕವಚವನ್ನು ಅಲ್ಲಲ್ಲಿ ಚುಚ್ಚುವ ದುಷ್ಟಶಕ್ತಿಯುಂಟು. ಚುಚ್ಚಿದ ಜಾಗದಲ್ಲಿ ತುಕ್ಕು ಮೊದಲಾಗುತ್ತದೆ, ಕ್ಲೋರೈಡು ಮಾತ್ರ ವ್ಯಯವಾಗದೆ ಮತ್ತೆ ಮುಂದಿನ ಕೆಲಸಕ್ಕೆ ಸಿದ್ಧವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಾಲು ಹೆಚ್ಚು ಜಾಗವನ್ನು ಬೇಡುತ್ತದೆ. ಕಾಂಕ್ರೀಟಿಗೆ ಹಿಗ್ಗುವ ಗುಣವಿಲ್ಲ. ಒಳಗಿನಿಂದ ಬಂದ ಒತ್ತಡಕ್ಕೆ ಅದು ಸರಳಿನುದ್ದಕ್ಕೂ ಬಿರುಕು ಬಿಡುತ್ತದೆ, ಬಿರುಕಿನಿಂದ ಇನ್ನಷ್ಟು ಉಪ್ಪುಗಾಳಿ ಒಳಗೆ ಹೋಗುತ್ತದೆ, ಕಡೆಗೊಂದು ದಿನ ಊಟದ ತಟ್ಟೆಯಷ್ಟಗಲದ ಹಕ್ಕಳೆ ಕಳಚಿ ಗುಮಾಸ್ತರ ಮೇಜಿನ ಮೇಲೆ ಬೀಳುತ್ತದೆ. ಹಾಗೆ ಬಿದ್ದುದನ್ನು ನಾನು ಬಾಲ್ಯದಲ್ಲಿ ಒಂದು ಕಚೇರಿಯಲ್ಲಿ ಕಂಡಿದ್ದೇನೆ. ಪುಣ್ಯವಶಾತ್ ಗುಮಾಸ್ತರು ಚಹಾಕ್ಕೆ ಹೋಗಿದ್ದರು.

ಉಪ್ಪನ್ನು ತಡೆಯುವ ಮುಖ್ಯ ಸಾಧನ ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆ. ಮೇಸ್ತ್ರಿಗಳು ಅದನ್ನು ‘ಕವರು’ ಎನ್ನುತ್ತಾರೆ. ಹೊದಿಕೆಯ ದಪ್ಪಕ್ಕೂ ಬಾಳಿಕೆಗೂ ಇರುವ ಸಂಬಂಧ ಸಾಮಾನ್ಯ ಬುದ್ಧಿಗೆ ಹೊಳೆಯುವಂಥದಲ್ಲ. ಕ್ಲೋರೈಡು ರಂಧ್ರಗಳಲ್ಲಿ ದಾರಿ ತಪ್ಪಿದ ಕುಡುಕನಂತೆ ಅತ್ತಿತ್ತ ಅಲೆಯುತ್ತ ಒಳಸರಿಯುವುದರಿಂದ, ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. ಭಾರತದ ಕಾಂಕ್ರೀಟು ಸಂಹಿತೆಯಾದ ಐಎಸ್ 456, ಸೌಮ್ಯವಾದ ಒಳನಾಡಿನ ವಾತಾವರಣಕ್ಕೆ 20 ಮಿಲಿಮೀಟರಿನ ಹೊದಿಕೆ ಸಾಕೆನ್ನುತ್ತದೆ. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ 45, ಅಲೆಯ ತುಂತುರು ತಾಗುವಂಥದಕ್ಕೆ 50 ಬೇಕೆನ್ನುತ್ತದೆ. ಇಪ್ಪತ್ತಕ್ಕೂ ನಲವತ್ತೈದಕ್ಕೂ ನಡುವಣ ಅಂತರ ಹೆಬ್ಬೆರಳಿನ ಅಗಲವಷ್ಟೆ; ಉಪ್ಪು ಸರಳನ್ನು ಮುಟ್ಟುವ ಕಾಲದಲ್ಲಿ ಅದೇ ಅಂತರ ಸರಿಸುಮಾರು ಐದು ಪಟ್ಟು. ಹತ್ತು ವರ್ಷದಲ್ಲಿ ಬರಬೇಕಾದ ಕೇಡು ಐವತ್ತು ವರ್ಷಕ್ಕೆ ಮುಂದೂಡಲ್ಪಡುತ್ತದೆ, ಕಾಂಕ್ರೀಟು ಒಂದೇ ಗುಣದ್ದಾಗಿದ್ದರೆ. ಆ ‘ಇದ್ದರೆ’ಯೊಳಗೆ ನೀರು ಕಡಮೆ ಬೆರೆಸಬೇಕೆಂಬುದೂ, ಕಡಲ ಹೊಯಿಗೆಯನ್ನು ತೊಳೆಯದೆ ಬಳಸಬಾರದೆಂಬುದೂ, ಸುರಿದ ಮೇಲೆ ವಾರಗಟ್ಟಲೆ ನೀರುಣ್ಣಿಸಬೇಕೆಂಬುದೂ ಅಡಗಿವೆ. ಸರಳಿನಡಿಗೆ ಇಡುವ ಕವರ್ ಬ್ಲಾಕೆಂಬ ನಾಲ್ಕಾಣೆಯ ಸಿಮೆಂಟು ಬಿಲ್ಲೆಯ ಬದಲು ಜಲ್ಲಿಕಲ್ಲಿನ ಚೂರೊಂದನ್ನು ತುರುಕಿ ಕೈತೊಳೆದುಕೊಂಡರೆ, ಸಂಹಿತೆಯಲ್ಲಿರುವ ನಲವತ್ತೈದು ಸಂಹಿತೆಯಲ್ಲಿಯೇ ಉಳಿಯುತ್ತದೆ.

ಇದನ್ನು ಬರೆಯುವಾಗ ನೆನಪಾಗುವುದು ನಮ್ಮ ಮುರಕಲ್ಲು; ಉತ್ತರ ಕನ್ನಡದವರು ಚಿರೆಕಲ್ಲೆನ್ನುವುದು ಇದನ್ನೇ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನಲ್ಲಿ ಅದನ್ನು ಕಂಡು, ಇಟ್ಟಿಗೆಯಂತೆ ಕಡಿಯಬಹುದಾದುದೆಂದು ಲ್ಯಾಟರೈಟ್ ಎಂಬ ಹೆಸರನ್ನಿಟ್ಟ. ಗಣಿಯಲ್ಲಿ ಮೆತ್ತಗಿದ್ದು ಬಿಸಿಲು ಗಾಳಿ ಕಂಡಂತೆ ಗಟ್ಟಿಯಾಗುವ ಈ ಕಲ್ಲಿನ ಕೆಂಪು, ಕಬ್ಬಿಣದ ಆಕ್ಸೈಡಿನ ಕೆಂಪು. ಲಕ್ಷಾಂತರ ವರ್ಷಗಳ ಮಳೆ ಉಳಿದ ಲವಣಗಳನ್ನೆಲ್ಲ ತೊಳೆದು ಒಯ್ದು, ಮುಖ್ಯವಾಗಿ ಕಬ್ಬಿಣವನ್ನೂ ಅಲ್ಯುಮಿನಿಯಮನ್ನೂ ತುಕ್ಕಿನ ರೂಪದಲ್ಲಿ ಬಿಟ್ಟುಹೋಗಿದೆ. ಮೊದಲೇ ತುಕ್ಕು ಹಿಡಿದು ಮುಗಿದ ಕಲ್ಲಿಗೆ ಉಪ್ಪುಗಾಳಿಯ ಭಯವೇನು? ಎರಡಂತಸ್ತಿನ ಪುರಸಭೆಗೆ ಮುರಕಲ್ಲಿನ ದಪ್ಪ ಗೋಡೆ ಧಾರಾಳವಾಗಿ ಸಾಕಾಗುತ್ತದೆ. ಗಾಜಿನ ಗೋಡೆಯ ಬಗೆಗೆ ನನಗೆ ವೈರವಿಲ್ಲವಾದರೂ, ಪಡುವಣ ಬಿಸಿಲಿಗೆ ಮುಖಮಾಡಿ ನಿಂತ ಎರಡಂತಸ್ತಿನ ಗಾಜನ್ನು ಹವಾನಿಯಂತ್ರಣ ಯಂತ್ರದಿಂದ ತಂಪಾಗಿಡುತ್ತೇವೆನ್ನುವುದು ಒಲೆಯ ಮೇಲೆ ಐಸಿನ ಪೆಟ್ಟಿಗೆಯಿಟ್ಟಂತೆ. ಆ ಯಂತ್ರದ ಹೊರಗಿನ ಅಲ್ಯುಮಿನಿಯಮ್ ರೆಕ್ಕೆಗಳನ್ನು ಉಪ್ಪು ತಿನ್ನುವ ವೇಗವನ್ನು ಕಡಲ ಬದಿಯ ಮನೆಯವರೆಲ್ಲರೂ ಬಲ್ಲರು.

ಮಾಡಿನ ವಿಚಾರದಲ್ಲಿ ಮಾತು ಬೆಳೆಸಬೇಕಾದುದಿಲ್ಲ. ಡೆಸ್ ಪ್ಲೇನ್ಸಿನಲ್ಲಿ ಹಿಮವೂ ಸೇರಿ ವರ್ಷಕ್ಕೆ ಬೀಳುವುದು ಸುಮಾರು 960 ಮಿಲಿಮೀಟರು; ಮಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಗಾಳಿಯ ಜೊತೆ ಅಡ್ಡಡ್ಡವಾಗಿ. ಇಂಥಲ್ಲಿ ಸಮತಟ್ಟಾದ ತಾರಸಿಯನ್ನು ಕಟ್ಟಿ, ಮೂರನೆಯ ಮಳೆಗಾಲಕ್ಕೆ ಅದು ಸೋರತೊಡಗಿದಾಗ ಅದರ ಮೇಲೆ ಕಬ್ಬಿಣದ ಕೊಳವೆಗಳನ್ನೂರಿ ಶೀಟು ಹೊದಿಸುವುದು ಕರಾವಳಿಯುದ್ದಕ್ಕೂ ನಡೆದುಬಂದ ಪದ್ಧತಿ. ಎಂದರೆ ಪ್ರತಿ ಮನೆಗೂ ಎರಡು ಮಾಡು, ಒಂದು ನಕ್ಷೆಯದು, ಇನ್ನೊಂದು ಅನುಭವದ್ದು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹೂಡಿದಂದಿನಿಂದ ನಮ್ಮ ಕೈಯಲ್ಲಿದ್ದ ಇಳಿಮಾಡು ಸುರಿದ ನೀರನ್ನು ನಿಲ್ಲಗೊಡದೆ ಇಳಿಸುತ್ತದೆ, ಮುಂದೆ ಚಾಚಿದ ಸೂರು ಎರಚಲು ಗೋಡೆಗೆ ಹೊಡೆಯದಂತೆ ಕಾಯುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮಂಗಳೂರಿಗೆ ಸಂಹಿತೆ ಹೇಳುವ ಸೆಕೆಂಡಿಗೆ 39 ಮೀಟರಿನ ವೇಗಕ್ಕೆ ಅದು ಚದರ ಮೀಟರಿಗೆ ತೊಂಬತ್ತು ಕಿಲೋಗ್ರಾಮಿಗೂ ಮಿಕ್ಕ ಭಾರಕ್ಕೆ ಸಮ. ಶಿಕಾಗೋ ಪ್ರಾಂತದಲ್ಲಿ ಲೆಕ್ಕಕ್ಕೆ ಹಿಡಿಯುವ ಹಿಮದ ಭಾರ ನೂರಿಪ್ಪತ್ತು. ಹಿಮ ಮಾಡನ್ನು ಕೆಳಕ್ಕೆ ಒತ್ತುತ್ತದೆ, ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಇಲ್ಲಿಯ ಬಡಗಿಗೆ ಪಕಾಸು ಮುರಿಯದಿರುವ ಚಿಂತೆ, ಅಲ್ಲಿಯವನಿಗೆ ಪಕಾಸು ಹಾರದಿರುವ ಚಿಂತೆ. ತಾರಸಿಯೇ ಬೇಕೆನ್ನುವವರು ಶಿಕಾಗೋವಿನ ನಗರಸಭಾ ಭವನವನ್ನು ನೋಡಬಹುದು. 1911ರ ಆ ಕಟ್ಟಡದ ಅರ್ಧ ನಗರದ್ದು, ಅರ್ಧ ಕೌಂಟಿಯದು. 2001ರಲ್ಲಿ ನಗರದವರು ತಮ್ಮ ಅರ್ಧದ ಮೇಲೆ ಮಣ್ಣು ಹಾಸಿ ಗಿಡ ಬೆಳೆಸಿದರು. ಆಗಸ್ಟಿನ ಒಂದು ಮಧ್ಯಾಹ್ನ ಅಳೆದಾಗ ಹಸುರಿನ ಮೇಲ್ಮೈ 33ರಿಂದ 48 ಡಿಗ್ರಿ ಇದ್ದರೆ, ಪಕ್ಕದ ಕೌಂಟಿಯ ಕಪ್ಪು ತಾರಸಿ 76 ಡಿಗ್ರಿಗೆ ಕಾದಿತ್ತು. ಒಂದೇ ಕಟ್ಟಡ, ಒಂದೇ ಬಿಸಿಲು!

ನಕ್ಷೆಯಲ್ಲಿ ಯಾರೂ ನೋಡದ ಇನ್ನೊಂದು ವಸ್ತುವೆಂದರೆ ಸದ್ದು. ಡೆಸ್ ಪ್ಲೇನ್ಸಿನ ಬಗಲಿಗೇ ಓಹೇರ್ ವಿಮಾನ ನಿಲ್ದಾಣವಿದೆ. ಭಾಷಣ ನಡುವೆ ನಿಂತು ವಿಮಾನ ಹಾದುಹೋದ ಮೇಲೆ ಮುಂದುವರಿಯುವುದು ಇಲ್ಲಿ ಸಭ್ಯತೆಯ ಅಂಗ. ನಮ್ಮ ಸಭಾಂಗಣಗಳಲ್ಲಿ ಆಷಾಢದ ಮಳೆ ಶೀಟಿನ ಮೇಲೆ ಬಡಿಯುವಾಗ ಆ ಬಿಡುವೂ ಸಿಗುವುದಿಲ್ಲ. ಹೊರಗಿನ ಸದ್ದಿಗಿಂತ ಒಳಗಿನ ಅನುರಣನ ಹೆಚ್ಚಿನ ಪೀಡೆ. ಹಾರ್ವರ್ಡಿನ ವ್ಯಾಲೇಸ್ ಸೆಬೈನ್ 1895ರಿಂದ ಕೆಲವು ವರ್ಷ, ರಾತ್ರಿಗಳಲ್ಲಿ ಕುರ್ಚಿಯ ಮೆತ್ತೆಗಳನ್ನು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಹೊರಿಸಿ ಹರಡಿ, ಸದ್ದು ಅಡಗುವ ಕಾಲವನ್ನು ಗಡಿಯಾರ ಹಿಡಿದು ಅಳೆದು, ಕೋಣೆಯ ಗಾತ್ರಕ್ಕೂ ಸದ್ದು ಹೀರುವ ಮೇಲ್ಮೈಗೂ ಇರುವ ಸರಳ ನಿಯಮವೊಂದನ್ನು ಕಂಡುಹಿಡಿದ. ಅವನಿಗೆಂದೇ ಮುಂದೆ ಕಟ್ಟಿಸಿದ ಪ್ರಯೋಗಶಾಲೆ ಇಲ್ಲಿಂದ ಪಶ್ಚಿಮಕ್ಕೆ, ಫಾಕ್ಸ್ ನದಿಯ ದಡದ ಜಿನೀವಾ ಎಂಬ ಊರಿನಲ್ಲಿದೆ. ಆ ನಿಯಮವನ್ನು ಭಾವನವರ ನಕ್ಷೆಗೆ ಹಚ್ಚಿ ನೋಡಿದೆ. ಹನ್ನೆರಡು ಮೀಟರು ಉದ್ದ, ಎಂಟು ಅಗಲ, ನಾಲ್ಕು ಎತ್ತರದ ಸಭಾಂಗಣ, ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸು ಮತ್ತು ಗಾಜು: ಖಾಲಿಯಿದ್ದಾಗ ಒಂದು ಚಪ್ಪಾಳೆ ಪೂರ್ಣ ಅಡಗಲು ಆರು ಸೆಕೆಂಡಿನ ಹತ್ತಿರ ಬೇಕು. ಅರುವತ್ತು ಜನ ತುಂಬಿದರೆ ಅವರ ಬಟ್ಟೆಬರೆಯೇ ಸದ್ದನ್ನು ಹೀರಿ ಕಾಲ ಸುಮಾರು 1.6 ಸೆಕೆಂಡಿಗೆ ಇಳಿಯುತ್ತದೆ. ಆದರೂ ಸದಸ್ಯರ ಒಂದು ಅಕ್ಷರದ ಬಾಲ ಮುಂದಿನ ಏಳೆಂಟು ಅಕ್ಷರಗಳ ಮೇಲೆ ಹೊರಳಾಡುತ್ತಿರುತ್ತದೆ. ಮಾತು ತಿಳಿಯಾಗಿ ಕೇಳಬೇಕಾದರೆ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಸಬೇಕು. ಅದಕ್ಕೆ ತೆಂಗಿನ ನಾರಿನ ಹಲಗೆ, ಚಾಪೆ, ದಪ್ಪ ಪರದೆ ಇಷ್ಟೇ ಸಾಕು. ಪುರಸಭೆಯ ಸಭೆಗಳಲ್ಲಿ ಗದ್ದಲಕ್ಕೆ ಕಾರಣ ರಾಜಕೀಯವೊಂದೇ ಅಲ್ಲವೆಂದು ಸೆಬೈನನನ್ನು ಓದಿದ ಮೇಲೆ ನನಗೆ ಅನ್ನಿಸಿದೆ.

ಇವೆಲ್ಲವನ್ನೂ ಬರೆದರೆ ಭಾವನವರು ಓದಲಾರರೆಂದು ತಿಳಿದು, ಪತ್ರದಲ್ಲಿ ಎರಡೇ ಪ್ರಶ್ನೆಗಳನ್ನು ಕೇಳಿದೆ: ಆ ನಿವೇಶನದಲ್ಲಿ ಈವರೆಗೆ ನೀರು ಎಲ್ಲಿಯವರೆಗೆ ಬಂದದ್ದುಂಟು? ಕಡತದ ಕೋಣೆಯ ನೆಲ ಅದಕ್ಕಿಂತ ಮೇಲೋ ಕೆಳಗೋ? ಮೂರು ವಾರಗಳ ಮೇಲೆ ಉತ್ತರ ಬಂತು. ನಕ್ಷೆಯವರಿಗೆ ಗೊತ್ತಿರಲಿಲ್ಲವಂತೆ, ಭಾವನವರೇ ನಿವೇಶನದ ಪಕ್ಕದ ಹಳೆಯ ಹಂಚಿನ ಗೋದಾಮಿಗೆ ಹೋಗಿ ವಿಚಾರಿಸಿದರಂತೆ. ಅಲ್ಲಿ ಅಕ್ಕಿಮೂಟೆ ಹೊರುವ ಮುದುಕರೊಬ್ಬರು, ಏನೂ ಮಾತಾಡದೆ, ಒಳಗೋಡೆಗೆ ಒರಗಿಸಿದ್ದ ಗೋಣಿಗಳನ್ನು ಸರಿಸಿ ಸುಣ್ಣದ ಮೇಲಿನ ಒಂದು ಕಂದು ಗೆರೆಯನ್ನು ತೋರಿಸಿದರಂತೆ. ಅದು ಯಾವ ವರ್ಷದ ನೆರೆಯದೆಂದು ಅವರಿಗೆ ನೆನಪಿಲ್ಲ, ತಮ್ಮ ಮದುವೆಗೆ ಮುಂಚಿನದೆಂದಷ್ಟೇ ಬಲ್ಲರು. ಭಾವನವರು ನೆಲದಿಂದ ಗೆರೆಯವರೆಗೆ ಮೊಳ ಹಾಕಿ ನೋಡಿದರು: ಎರಡು ಮೊಳ, ನಾಲ್ಕು ಬೆರಳು. ಗೋದಾಮಿನ ನೆಲ ಬೀದಿಗೆ ಸಮ. ಹೊಸ ಭವನದ ಕಡತದ ಕೋಣೆಯ ನೆಲ, ನಕ್ಷೆಯ ಪ್ರಕಾರ, ಬೀದಿಗಿಂತ ಒಂಬತ್ತು ಅಡಿ ಕೆಳಗೆ.